ಚರ್ಚಿನ ಸಭೆಯಲ್ಲಿ ಎಲ್ಲರ ಕೈಗೂ ಒಂದು ಕೆಲಸ ಕೊಡುವುದು ಹೇಗೆ

ಭಾನುವಾರ ಆರಾಧನೆ ಮುಗಿದ ಮೇಲೆ ಹತ್ತು ನಿಮಿಷ ಬಾಗಿಲ ಹತ್ತಿರ ನಿಂತು ನೋಡಿ. ಕುರ್ಚಿ ಜೋಡಿಸಿಡುವವರು, ಮೈಕಿನ ವೈರು ಸುತ್ತುವವರು, ಕಾಣಿಕೆ ಎಣಿಸುವವರು, ಟೀ ಲೋಟ ತೊಳೆಯುವವರು ಎಲ್ಲಾ ಅದೇ ಎಂಟು ಹತ್ತು ಮಂದಿ. ಉಳಿದವರು ಅಯ್ಯನವರಿಗೆ, ಅಂದರೆ ಸಭಾಪಾಲಕರಿಗೆ, ಕೈಮುಗಿದು ಮನೆಗೆ ಹೊರಡುತ್ತಾರೆ. ಅವರಿಗೆ ಮನಸ್ಸಿಲ್ಲ ಅಂತಲ್ಲ. ಹೆಚ್ಚಿನವರನ್ನು ಯಾರೂ ಕರೆದೇ ಇರುವುದಿಲ್ಲ. ದುಡಿಯುವ ಆ ಹತ್ತು ಮಂದಿ ಬರಬರುತ್ತಾ ಸುಸ್ತಾಗುತ್ತಾರೆ, ‘ನಾವಿಲ್ಲದಿದ್ದರೆ ಇಲ್ಲಿ ಏನೂ ನಡೆಯಲ್ಲ’ ಅನ್ನುವ ಮಾತು ಬರುತ್ತದೆ, ಉಳಿದವರಿಗೆ ಚರ್ಚು ಅವರದ್ದು, ನಾವು ಬಂದು ಹೋಗುವವರು ಅನ್ನಿಸತೊಡಗುತ್ತದೆ.

ಒಂದೇ ಬೆಂಚಿನಲ್ಲಿ ವರ್ಷಗಟ್ಟಲೆ ಕೂತರೂ ಪಕ್ಕದವರ ಹೆಸರು ಗೊತ್ತಿಲ್ಲದೆ ಇರಬಹುದು. ಅದೇ ಒಂದು ಶನಿವಾರ ಸಂಜೆ ಅವರ ಜೊತೆ ಕೂತು ಒಂದು ಮೂಟೆ ಈರುಳ್ಳಿ ಹೆಚ್ಚಿ, ಅವರ ಮಗಳ ಮದುವೆ ಮಾತು, ಮಂಡಿ ನೋವು, ಬ್ಯಾಂಕಿನ ಸಾಲ ಎಲ್ಲವೂ ಗೊತ್ತಾಗುತ್ತದೆ. ಸಭೆ ಕುಟುಂಬವಾಗುವುದು ಹೀಗೇ ಅಂತ ನನ್ನ ನಂಬಿಕೆ. ಕೆಳಗೆ ಬರೆದಿರುವುದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕನ್ನಡ ಸಭೆಯೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡು. ಕ್ಯಾಥೊಲಿಕ್ ಧರ್ಮಕೇಂದ್ರಕ್ಕಾಗಲಿ, ಗಲ್ಫ್‌ನಲ್ಲೋ ಮುಂಬೈಯಲ್ಲೋ ಬಾಡಿಗೆ ಹಾಲಿನಲ್ಲಿ ಸೇರುವ ಸಣ್ಣ ಕೂಟಕ್ಕಾಗಲಿ ಸ್ವಲ್ಪ ಬದಲಾಯಿಸಿಕೊಂಡರೆ ಸಾಕು.

ಮೊದಲು ಒಂದು ಹಾಳೆ

ಯಾರನ್ನಾದರೂ ಕರೆಯುವ ಮೊದಲು ಏನೇನು ಕೆಲಸ ಇದೆ ಅಂತ ಬರೆಯಿರಿ. ಒಂದೇ ಭಾನುವಾರದ್ದು ಬರೆದರೆ ಸಾಕು. ಗೇಟು ತೆಗೆಯುವುದು, ಗುಡಿಸುವುದು, ಗಂಟೆ ಹೊಡೆಯುವುದು, ಆಲ್ಟರ್ ಬಟ್ಟೆ ಒಗೆದು ಇಸ್ತ್ರಿ ಮಾಡಿ ಹಾಸುವುದು, ಹೂ ಇಡುವುದು, ಹಾಡಿನ ನಂಬರ್ ಬೋರ್ಡಿಗೆ ಹಾಕುವುದು, ಕುಡಿಯುವ ನೀರು ತುಂಬಿಸುವುದು, ವಾಕ್ಯ ಓದುವುದು, ಕಾಣಿಕೆ ಚೀಲ ಹಿಡಿಯುವುದು, ವಯಸ್ಸಾದವರನ್ನು ಮೆಟ್ಟಿಲು ಹತ್ತಿಸುವುದು, ಕರ್ತನ ಭೋಜನದ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿಯ) ಪಾತ್ರೆ ತೊಳೆದಿಡುವುದು, ಕಕ್ಕಸು ತೊಳೆಯುವುದು, ಕೊನೆಗೆ ಫ್ಯಾನ್ ಆರಿಸಿ ಬೀಗ ಹಾಕುವುದು. ಬರೀತಾ ಹೋದರೆ ಮೂವತ್ತು ದಾಟುವುದು ಸುಲಭ. ಪ್ರತಿಯೊಂದರ ಎದುರು ಈಗ ಅದನ್ನು ಯಾರು ಮಾಡುತ್ತಿದ್ದಾರೆ ಅಂತ ಹೆಸರು ಬರೆಯಿರಿ. ಒಂದೇ ಹೆಸರು ಐದು ಸಲ ಬಂದರೆ ಅಲ್ಲಿಂದ ಶುರು ಮಾಡಬೇಕು ಅಂತ ಅರ್ಥ.

ಈ ಹಾಳೆಯನ್ನು ಸಭಾಪಾಲಕರಿಗೂ ಹಿರಿಯರಿಗೂ ಮೊದಲೇ ತೋರಿಸಿ. ಅವರನ್ನು ಬಿಟ್ಟು ಹೊರಟರೆ ಒಳ್ಳೆಯ ಕೆಲಸವೂ ಗುಂಪುಗಾರಿಕೆಯಾಗಿ ಕಾಣುತ್ತದೆ.

ಮೈಕಿನಲ್ಲಿ ಕೇಳಬೇಡಿ

‘ಆಸಕ್ತಿ ಇರುವವರು ಹೆಸರು ಕೊಡಬಹುದು’ ಅಂತ ಪ್ರಕಟಣೆ ಕೊಟ್ಟರೆ ಅದೇ ಹತ್ತು ಮಂದಿ ಕೈ ಎತ್ತುತ್ತಾರೆ. ನಾಚಿಕೆಯವರು, ಹೊಸದಾಗಿ ಬಂದವರು, ‘ನನಗೆ ಅಷ್ಟು ಓದು ಇಲ್ಲ’ ಅಂದುಕೊಂಡವರು ಎಂದಿಗೂ ಎತ್ತುವುದಿಲ್ಲ. ಅವರ ಹತ್ತಿರ ಹೋಗಿ ಹೆಸರು ಹಿಡಿದು ಕೇಳಬೇಕು. ಹೇಗೆ ಕೇಳುತ್ತೀರಿ ಅನ್ನುವುದೂ ಮುಖ್ಯ. ‘ನೀವೂ ಏನಾದರೂ ಸೇವೆ ಮಾಡಬಹುದಲ್ವಾ’ ಅಂದರೆ ಅದು ಚುಚ್ಚುಮಾತು. ‘ಆಂಟಿ, ಈ ಮೂರು ತಿಂಗಳು ಎರಡನೇ ಭಾನುವಾರ ಆಲ್ಟರ್ ಹೂವು ನೀವು ಇಡುತ್ತೀರಾ? ನಮ್ಮ ಅಮ್ಮನೂ ನಿಮ್ಮ ಜೊತೆ ಇರುತ್ತಾರೆ’ ಅಂದರೆ ಅವರಿಗೆ ಎಷ್ಟು ದಿನ, ಎಷ್ಟು ಕೆಲಸ, ಜೊತೆಗೆ ಯಾರು ಎಲ್ಲಾ ಗೊತ್ತಾಯಿತು. ಒಪ್ಪುವುದೂ ಸುಲಭ, ಬೇಡ ಅನ್ನುವುದೂ ಸುಲಭ. ಮೂರು ತಿಂಗಳು ಅಂದಿದ್ದರೆ ಮೂರು ತಿಂಗಳಿಗೆ ಬಿಟ್ಟುಬಿಡಿ. ಒಮ್ಮೆ ಹೂಂ ಅಂದರೆ ಜೀವಮಾನವಿಡೀ ಸಿಕ್ಕಿಹಾಕಿಕೊಳ್ಳುತ್ತೇವೆ ಅನ್ನುವ ಭಯದಿಂದಲೇ ಜಾಸ್ತಿ ಜನ ದೂರ ಉಳಿಯುವುದು.

ಪ್ರತಿ ಕೆಲಸಕ್ಕೂ ಇಬ್ಬರನ್ನು ಹಾಕಿ, ಒಬ್ಬರು ಹಳಬರು, ಒಬ್ಬರು ಹೊಸಬರು. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಇರುತ್ತಾರೆ ಅನ್ನುವುದು ಸಣ್ಣ ಲಾಭ. ಕೆಲಸ ಕಲಿಯುವುದರ ಜೊತೆಗೆ ಒಂದು ಪರಿಚಯ ಬೆಳೆಯುತ್ತದಲ್ಲ, ದೊಡ್ಡ ಲಾಭ ಅದು.

ಇಪ್ಪತ್ತು ವರ್ಷದಿಂದ ಹಾರ್ಮೋನಿಯಂ ನುಡಿಸುತ್ತಿರುವವರಿಂದಲೋ ಅಡುಗೆಯ ಉಸ್ತುವಾರಿ ನೋಡುತ್ತಿರುವ ಅಜ್ಜಿಯಿಂದಲೋ ಕೆಲಸ ಕಿತ್ತುಕೊಳ್ಳಬೇಡಿ. ‘ಇವಳಿಗೆ ಕಲಿಸಿಕೊಡಿ ಅಜ್ಜಿ’ ಅಂತ ಒಬ್ಬಳನ್ನು ಅವರ ಪಕ್ಕದಲ್ಲಿ ನಿಲ್ಲಿಸಿ. ಗೌರವ ಕೊಟ್ಟು ಕೇಳಿದರೆ ಹಿರಿಯರು ಕಲಿಸುತ್ತಾರೆ, ತಾವಾಗಿಯೇ ಬಿಟ್ಟೂ ಕೊಡುತ್ತಾರೆ.

ನೆರವು ಪಡೆಯುವವರಿಗೂ ಕೆಲಸ ಇರಲಿ

ಈ ಬರಹದಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನು ಓದಿ. ನಮ್ಮ ಸಭೆಗಳಲ್ಲಿ ಸೇವೆ ಅಂದರೆ ಇದ್ದವರು ಇಲ್ಲದವರಿಗೆ ಕೊಡುವುದು ಅಂತ ಆಗಿಬಿಟ್ಟಿದೆ. ಕ್ರಿಸ್‌ಮಸ್ ಬಂದರೆ ಸೀರೆ, ಕಂಬಳಿ ಹಂಚುತ್ತೇವೆ, ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುತ್ತೇವೆ. ಆ ಸಾಲಿನಲ್ಲಿ ನಿಂತವರು ನಮ್ಮದೇ ಸಭೆಯವರು, ನಮ್ಮ ಜೊತೆ ಅದೇ ರೊಟ್ಟಿ ಮುರಿದು ತಿಂದವರು. ವರ್ಷಕ್ಕೊಮ್ಮೆ ಅವರನ್ನು ಹಾಗೆ ನಿಲ್ಲಿಸಿದರೆ ಅವರು ಯಾವಾಗ ತಾನೇ ಇದು ನನ್ನ ಸಭೆ ಅಂದುಕೊಳ್ಳುತ್ತಾರೆ?

ನಮ್ಮ ಹಳೆಯ ಇತಿಹಾಸದಲ್ಲೇ ಇದಕ್ಕೆ ದಾರಿ ಇದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನ ಮಿಷನರಿಗಳು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಕ್ರೈಸ್ತರಾದವರಲ್ಲಿ ಅನೇಕರನ್ನು ಮನೆಯವರೂ ಜಾತಿಯವರೂ ಹೊರಹಾಕಿದರು. ಹೊಲ ಇಲ್ಲ, ಕುಲಕಸುಬು ಇಲ್ಲ. ಅವರಿಗೆ ಬರೀ ಅನ್ನ ಕೊಟ್ಟು ಸುಮ್ಮನಾಗಿದ್ದರೆ ಆ ಸಭೆಗಳು ಎಂದೂ ತಮ್ಮ ಕಾಲ ಮೇಲೆ ನಿಲ್ಲುತ್ತಿರಲಿಲ್ಲ. ನೇಯ್ಗೆ ಶುರುವಾಯಿತು, ಮುದ್ರಣಾಲಯ ಬಂತು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ಮಂಗಳೂರು ಹೆಂಚು ಅಂತ ದೇಶವೆಲ್ಲಾ ಹೆಸರಾದದ್ದರಲ್ಲಿ ಹೀಗೆ ಹೊರಬಿದ್ದವರ ದುಡಿಮೆಯೂ ಇದೆ. ಆ ಕಾರ್ಖಾನೆಗಳ ಕೂಲಿ, ಕಟ್ಟುಪಾಡು ಎಲ್ಲವೂ ಸರಿ ಇತ್ತು ಅಂತ ನಾನು ಹೇಳುತ್ತಿಲ್ಲ. ಕೈ ಚಾಚಿದವರಿಗೆ ಕಸುಬು ಕೊಟ್ಟರಲ್ಲ, ಆ ಯೋಚನೆ ದೊಡ್ಡದು.

ಇವತ್ತು ನಾವು ಮಾಡಬಹುದಾದದ್ದು ಚಿಕ್ಕದು. ತಿಂಗಳಿಗೆ ಅಕ್ಕಿ ಪಡೆಯುವ ವಿಧವೆ ತಾಯಿಗೆ ಸ್ವರ ಚೆನ್ನಾಗಿದ್ದರೆ ಮನೆಕೂಟದಲ್ಲಿ ಹಾಡು ಶುರು ಮಾಡುವುದು ಅವರೇ ಆಗಲಿ. ಶಾಲಾ ಫೀಸಿಗೆ ಸಹಾಯ ಪಡೆದ ಹುಡುಗ ಸಂಡೇ ಸ್ಕೂಲಿನ ಚಿಕ್ಕ ಮಕ್ಕಳಿಗೆ ಕಲಿಸಲಿ. ನಡೆಯಲಾಗದ ಅಜ್ಜನ ಹತ್ತಿರ ಫೋನ್ ಇದ್ದರೆ ಹುಟ್ಟಿದ ಹಬ್ಬದ ಪಟ್ಟಿ ಕೊಡಿ, ದಿನಕ್ಕೆ ಒಬ್ಬರಿಗೋ ಇಬ್ಬರಿಗೋ ಅವರು ಫೋನ್ ಮಾಡಲಿ. ಹಾಸಿಗೆ ಹಿಡಿದವರಿಗೆ ಪ್ರತಿ ವಾರ ಪ್ರಾರ್ಥನೆಯ ಹೆಸರುಗಳನ್ನು ಚೀಟಿಯಲ್ಲಿ ಬರೆದು ಮುಟ್ಟಿಸಿ, ಮುಂದಿನ ವಾರ ಆ ಹೆಸರಿನವರು ಹೇಗಿದ್ದಾರೆ ಅಂತ ಹೋಗಿ ಹೇಳಿ. ಇದು ಅವರನ್ನು ಸಮಾಧಾನಪಡಿಸಲು ಕೊಡುವ ಕೆಲಸ ಅಲ್ಲ. ಪ್ರಾರ್ಥನೆ ಕೆಲಸ ಅಂತ ನಾವು ನಂಬುವುದಾದರೆ ಅದಕ್ಕೆ ಎಲ್ಲರಿಗಿಂತ ಜಾಸ್ತಿ ಸಮಯ ಕೊಡುತ್ತಿರುವವರು ಅವರೇ.

ಒಂದು ಎಚ್ಚರಿಕೆ. ಕೆಲಸ ಮಾಡಿದರೆ ಮಾತ್ರ ಅಕ್ಕಿ ಅನ್ನುವ ಹಾಗೆ ಎಂದಿಗೂ ಆಗಬಾರದು. ನೆರವು ನೋಡಿಕೊಳ್ಳುವವರು ಬೇರೆ, ಕೆಲಸಕ್ಕೆ ಕರೆಯುವವರು ಬೇರೆ ಇದ್ದರೆ ಒಳ್ಳೆಯದು.

ಇನ್ನೊಂದು ವಿಷಯ, ಹೇಳಲು ಕಷ್ಟವಾದರೂ ಹೇಳಲೇಬೇಕು. ಚರ್ಚಿನ ಕಕ್ಕಸು ತೊಳೆಯುವವರು ಯಾರು, ಕಾಣಿಕೆ ಎಣಿಸುವವರು ಯಾರು ಅಂತ ನೋಡಿ. ಅಡುಗೆ ಮನೆಯೊಳಗೆ ಯಾರು, ಅಂಗಳ ಗುಡಿಸಲು ಯಾರು ಅಂತ ನೋಡಿ. ಜಾತಿ ಚರ್ಚಿನ ಬಾಗಿಲಲ್ಲೇ ಉಳಿಯಿತು ಅಂತ ಬಾಯಲ್ಲಿ ಹೇಳುತ್ತೇವೆ, ಪಾಳಿ ಪಟ್ಟಿ ಬೇರೆಯದೇ ಹೇಳುತ್ತದೆ. ಕಕ್ಕಸು ಮತ್ತು ಕಾಣಿಕೆ ಎರಡನ್ನೂ ಒಂದೇ ಪಟ್ಟಿಯಲ್ಲಿ ಹಾಕಿ, ಎಲ್ಲ ಮನೆಗಳೂ ಎರಡಕ್ಕೂ ಬರಲಿ. ಮೊದಲ ತಿಂಗಳು ಹಿರಿಯರ ಹೆಸರೇ ಇರಲಿ. ಶುಭ ಶುಕ್ರವಾರದ ಹಿಂದಿನ ದಿನ ಪಾದ ತೊಳೆಯುವ ವಿಧಿಯನ್ನು ನಾವು ಭಕ್ತಿಯಿಂದ ನೋಡುತ್ತೇವಲ್ವಾ? ಕ್ಯಾಥೊಲಿಕ್ ಸಭೆಯಲ್ಲಿ 2016ರಿಂದ ಆ ವಿಧಿಯಲ್ಲಿ ಹೆಂಗಸರ ಪಾದವನ್ನೂ ತೊಳೆಯಬಹುದು ಅಂತ ಪೋಪ್ ಫ್ರಾನ್ಸಿಸ್ ನಿಯಮವನ್ನೇ ಬದಲಾಯಿಸಿದರು. ಯೇಸು ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಮಾಡಿದ್ದು ಆಗಿನ ಕಾಲದಲ್ಲಿ ಆಳುಗಳ ಕೆಲಸ. ಪೊರಕೆ, ಫಿನಾಯಿಲ್ ಹಿಡಿಯುವುದು ಅದರ ಮುಂದುವರಿಕೆ.

ಹಿಡಿ ಅಕ್ಕಿ

ದುಡ್ಡಿಲ್ಲದ ಮನೆಯೂ ಕೊಡಬಹುದಾದ ಕಾಣಿಕೆ ಇದು. ಅನ್ನಕ್ಕೆ ಇಡುವಾಗ ಒಂದು ಹಿಡಿ ಅಕ್ಕಿ ತೆಗೆದು ಬೇರೆ ಡಬ್ಬಕ್ಕೆ ಹಾಕುವುದು, ತಿಂಗಳಿಗೊಮ್ಮೆ ಚರ್ಚಿಗೆ ತರುವುದು. ಮಿಜೋರಾಂನ ಸಭೆಗಳು ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ಇದನ್ನು ನಡೆಸುತ್ತಿವೆ, ಅಲ್ಲಿ ಇದನ್ನು ಎತ್ತಿ ನಿಲ್ಲಿಸಿದವರು ಹೆಂಗಸರು. ಕೇರಳದಲ್ಲಿ ಕ್ಯಾಥೊಲಿಕ್ ಗುರು ಕುರಿಯಾಕೋಸ್ ಎಲಿಯಾಸ್ ಚಾವರ ಅವರು 19ನೇ ಶತಮಾನದಲ್ಲೇ ಬಡ ಮಕ್ಕಳ ಊಟಕ್ಕಾಗಿ ಇದೇ ರೀತಿ ಅಕ್ಕಿ ಕೂಡಿಸಿದ್ದರು.

ಲೆಕ್ಕ ನೋಡಿ. ಒಂದು ಹಿಡಿ ಸುಮಾರು 50 ಗ್ರಾಂ ಅಂದುಕೊಳ್ಳಿ. ದಿನಕ್ಕೆ ಎರಡು ಹಿಡಿಯಾದರೆ ತಿಂಗಳಿಗೆ 3 ಕಿಲೋ. ಮೂವತ್ತು ಮನೆ ಸೇರಿದರೆ 90 ಕಿಲೋ. ಕಷ್ಟದಲ್ಲಿರುವ ಒಂಬತ್ತು ಮನೆಗೆ ತಲಾ ಹತ್ತು ಕಿಲೋ ಆಯಿತು, ಯಾರ ಜೇಬಿಗೂ ಕೈ ಹಾಕದೆ.

ಕುಚ್ಚಲಕ್ಕಿ, ಬೆಳ್ತಿಗೆ, ರೇಷನ್ ಅಕ್ಕಿ ಎಲ್ಲಾ ಒಂದೇ ಚೀಲಕ್ಕೆ ಸುರಿಯಬೇಡಿ. ಒಂದು ಬೇಯುವಷ್ಟರಲ್ಲಿ ಇನ್ನೊಂದು ಮುದ್ದೆಯಾಗುತ್ತದೆ, ಪಡೆದವರಿಗೆ ಅದು ಅವಮಾನ. ಬೇರೆ ಬೇರೆ ಚೀಲ ಇಡಿ. ರಾಗಿ ಉಣ್ಣುವ ಊರಾದರೆ ರಾಗಿಗೂ ಒಂದು ಚೀಲ. ಹುಳ ಬೀಳುವುದರೊಳಗೆ, ಅಂದರೆ ಅದೇ ವಾರ ಹಂಚಿ ಮುಗಿಸಿ. ಹಂಚುವುದು ಚರ್ಚಿನ ಅಂಗಳದಲ್ಲಿ ಬೇಡ. ಸಂಜೆ ಹೊತ್ತಿಗೆ ಇಬ್ಬರು ಮನೆಗೆ ಹೋಗಿ ಕೊಟ್ಟು, ಐದು ನಿಮಿಷ ಕೂತು ಮಾತಾಡಿ ಬರಲಿ. ಆ ಮನೆಯಲ್ಲೂ ಹಿಡಿ ಅಕ್ಕಿಯ ಡಬ್ಬ ಇದ್ದರೆ ಅದನ್ನೂ ತಪ್ಪದೆ ತೆಗೆದುಕೊಂಡು ಬನ್ನಿ. ಬೇಡ ಅನ್ನಬೇಡಿ.

ಸುಗ್ಗಿ ಹಬ್ಬ ಮತ್ತು ಪ್ರೀತಿ ಭೋಜನ

ಹಾರ್ವೆಸ್ಟ್ ಅನ್ನಿ, ಸುಗ್ಗಿ ಹಬ್ಬ ಅನ್ನಿ, ಇಡೀ ಸಭೆ ಒಂದೇ ದಿನ ಕೈ ಹಾಕುವ ಅವಕಾಶ ವರ್ಷದಲ್ಲಿ ಇದೊಂದೇ. ತೆಂಗಿನಕಾಯಿ, ಬಾಳೆಗೊನೆ, ಕುಂಬಳಕಾಯಿ, ಕೋಳಿ, ಮನೆಯಲ್ಲಿ ಮಾಡಿದ ಕೇಕು, ಉಪ್ಪಿನಕಾಯಿ ಎಲ್ಲಾ ಬಂದು ಬೀಳುತ್ತದೆ, ಆರಾಧನೆ ಆದ ಮೇಲೆ ಏಲಂ. ಕರಾವಳಿಯ ಕ್ಯಾಥೊಲಿಕ್ ಮನೆಗಳಲ್ಲಿ ಸೆಪ್ಟೆಂಬರ್ 8ರ ತೆನೆ ಹಬ್ಬ ಹೀಗೇ ಎಲ್ಲರನ್ನೂ ಸೇರಿಸುತ್ತದೆ. ಒಂಬತ್ತು ದಿನ ಮಕ್ಕಳು ಮೇರಿಯಮ್ಮನಿಗೆ ಹೂ ತರುತ್ತಾರೆ, ಆಶೀರ್ವದಿಸಿದ ತೆನೆ ಪ್ರತಿ ಮನೆಗೂ ಹೋಗುತ್ತದೆ, ಮಕ್ಕಳಿಗೆ ಕಬ್ಬು ಸಿಗುತ್ತದೆ. ಅಲ್ಲಿ ಪ್ರತಿ ವಾಳೆಗೆ (ಕೆಲವು ಮನೆಗಳ ಗುಂಪಿಗೆ) ಒಬ್ಬ ಗುರಿಕಾರರು, ಅಂದರೆ ಮುಖಂಡರು, ಇರುವುದರಿಂದ ಮನೆ ಮನೆಗೆ ಸುದ್ದಿ ಮುಟ್ಟಿಸುವುದೂ ಸುಲಭ. ಬೇರೆ ಸಭೆಯವರು ಇದನ್ನು ಧಾರಾಳವಾಗಿ ಕಲಿಯಬಹುದು: ಹತ್ತು ಹದಿನೈದು ಮನೆಗೆ ಒಬ್ಬರು ಜವಾಬ್ದಾರರು.

ಏಲಂನಲ್ಲಿ ಒಂದು ತೊಂದರೆ ಇದೆ. ಒಂದು ಕುಂಬಳಕಾಯಿ ಐದು ಸಾವಿರಕ್ಕೆ ಹೋದರೆ ಚಪ್ಪಾಳೆ ಬೀಳುತ್ತದೆ, ಸಂತೋಷವೇ. ಆದರೆ ಗಂಟೆಗಟ್ಟಲೆ ನಾಲ್ಕೇ ಜನ ಕೂಗುತ್ತಿದ್ದರೆ ಉಳಿದವರು ನೋಡುವವರಾಗಿ ಉಳಿಯುತ್ತಾರೆ. ಅದಕ್ಕೆ ಎರಡು ಮೇಜು ಹಾಕಿ. ಒಂದರಲ್ಲಿ ಏಲಂ, ಇನ್ನೊಂದರಲ್ಲಿ ಹತ್ತು, ಇಪ್ಪತ್ತು, ಐವತ್ತು ರೂಪಾಯಿಯ ವಸ್ತುಗಳು, ಅದರ ಮಾರಾಟ ಸಂಡೇ ಸ್ಕೂಲ್ ಮಕ್ಕಳದ್ದು. ಕೂಗಿದ ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆಯಿರಿ: ವಸ್ತು, ಹೆಸರು, ಮೊತ್ತ, ಬಂತೋ ಬಾಕಿಯೋ. ಮುಂದಿನ ಭಾನುವಾರ ಒಟ್ಟು ಲೆಕ್ಕ ನೋಟಿಸ್ ಬೋರ್ಡಿನಲ್ಲಿ ಇರಲಿ. ಬಾಕಿದಾರರ ಹೆಸರು ಮಾತ್ರ ಬೋರ್ಡಿಗೆ ಬೇಡ, ಅದನ್ನು ಖಜಾಂಚಿ ಒಬ್ಬರೇ ಮೆಲ್ಲಗೆ ಕೇಳಲಿ.

ಪ್ರೀತಿ ಭೋಜನದ, ಅಂದರೆ ಸಭೆಯವರೆಲ್ಲಾ ಜೊತೆಗೆ ಕೂತು ಉಣ್ಣುವ ಊಟದ ವಿಷಯಕ್ಕೆ ಬರೋಣ. ಈಗೀಗ ಕ್ಯಾಟರಿಂಗ್‌ನವರಿಗೆ ಹೇಳಿಬಿಡುವುದು ಜಾಸ್ತಿ. ಆಗದ ಸಭೆಗೆ ಅದೇ ಸರಿ, ಆದರೆ ವರ್ಷಕ್ಕೆ ಒಂದು ಊಟವಾದರೂ ನಾವೇ ಬೇಯಿಸಬೇಕು ಅಂತ ನಾನು ಹಠ ಹಿಡಿಯುತ್ತೇನೆ. ನೂರು ಜನಕ್ಕೆ 10ರಿಂದ 12 ಕಿಲೋ ಅಕ್ಕಿ ಲೆಕ್ಕ. ದೊಡ್ಡ ಹಂಡೆ, ತಪ್ಪಲೆ, ಸೌಟು ಹಿಂದಿನ ವಾರವೇ ಎಲ್ಲಿವೆ ಅಂತ ನೋಡಿಕೊಳ್ಳಿ. ಗ್ಯಾಸ್ ಸಿಲಿಂಡರ್ ಒಂದು ಜಾಸ್ತಿ ಇರಲಿ. ಶನಿವಾರ ಸಂಜೆ ತರಕಾರಿ ಹೆಚ್ಚುವುದಕ್ಕೆ ಇಡೀ ಸಭೆಯನ್ನು ಕರೆಯಿರಿ, ಗಂಡಸರನ್ನೂ. ಹೆಂಗಸರು ಅಡುಗೆ, ಗಂಡಸರು ಕುರ್ಚಿ ಅನ್ನುವ ಹಂಚಿಕೆಯನ್ನು ಒಮ್ಮೆಯಾದರೂ ತಿರುವಿ ಹಾಕಿ. ಯುವಜನ ಸಂಘದ ಹುಡುಗರು ಪಾತ್ರೆ ಉಜ್ಜಲಿ, ಸ್ತ್ರೀ ಸಂಘದವರು ಏಲಂ ಕೂಗಲಿ. ನೋಡಿ ಎಷ್ಟು ಚೆನ್ನಾಗಿ ಕೂಗುತ್ತಾರೆ!

ಬಡಿಸುವಾಗ ವಯಸ್ಸಾದವರು, ಮಕ್ಕಳು, ದೂರದಿಂದ ಬಂದವರು ಮೊದಲು. ಅಯ್ಯನವರಿಗೂ ಹಿರಿಯರಿಗೂ ಬೇರೆ ಟೇಬಲ್ ಹಾಕಬೇಡಿ. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಉಂಡು ಮುಗಿಸಿ, ಇಲ್ಲದವರು ಹಸಿದಿರುತ್ತಿದ್ದರು ಅಂತ ಪೌಲನು ಎಷ್ಟು ಖಾರವಾಗಿ ಬರೆದ ಅನ್ನುವುದನ್ನು ಅಡುಗೆ ಸಮಿತಿಯವರು ಒಮ್ಮೆ ಜೊತೆಯಾಗಿ ಓದಿ. ಕೊರಿಂಥದವರಿಗೆ ಬರೆದ ಮೊದಲ ಪತ್ರ, 11ನೇ ಅಧ್ಯಾಯ.

ಕಾಯಿಲೆ, ಸಾವು

ಕಾಯಿಲೆಯವರನ್ನು ನೋಡಲು ಇಬ್ಬರು ಹೋಗಿ. ಸಂತ ವಿನ್ಸೆಂಟ್ ದಿ ಪೌಲ್ ಸಭೆ ಅನ್ನುವ ಕ್ಯಾಥೊಲಿಕ್ ಸೇವಾ ಸಂಘದವರು ಮೊದಲಿನಿಂದಲೂ ಮನೆ ಭೇಟಿಯನ್ನು ಜೋಡಿಯಾಗಿಯೇ ಮಾಡುತ್ತಾರೆ. ಫ್ರೆಡರಿಕ್ ಓಜನಾಮ್ ಮತ್ತು ಗೆಳೆಯರು 1833ರಲ್ಲಿ ಪ್ಯಾರಿಸ್ಸಿನಲ್ಲಿ ಅದನ್ನು ಶುರು ಮಾಡಿದಾಗ ಅವರಲ್ಲಿ ಹೆಚ್ಚಿನವರು ಕಾಲೇಜು ವಯಸ್ಸಿನವರು, ಯುವಜನ ಸಂಘದವರಿಗೆ ಇದನ್ನು ಹೇಳಿ. ಹೋಗುವ ಮೊದಲು ಫೋನ್ ಮಾಡಿ. ಇಪ್ಪತ್ತು ನಿಮಿಷ ಸಾಕು. ಕೀರ್ತನೆ ಓದಲೇ ಅಂತ ಕೇಳಿ ಓದಿ. ನಿಮಗೆ ಗೊತ್ತಿರುವ ಡಾಕ್ಟರು, ಕಷಾಯ, ಇದೇ ಕಾಯಿಲೆ ಬಂದ ಇನ್ನೊಬ್ಬರ ಕಥೆ ಎಲ್ಲಾ ಬೇಡ. ಅಲ್ಲಿ ಕೇಳಿದ್ದನ್ನು ಸಭೆಯ ವಾಟ್ಸಾಪ್ ಗುಂಪಿಗೆ ಹಾಕಲೇಬೇಡಿ. ರೋಗಿಗಿಂತ ಅವರನ್ನು ನೋಡಿಕೊಳ್ಳುವ ಹೆಂಡತಿಗೋ ಸೊಸೆಗೋ ಕೆಲವು ಸಲ ಹೆಚ್ಚು ಸಹಾಯ ಬೇಕಾಗಿರುತ್ತದೆ. ‘ನಾನು ಇಲ್ಲಿ ಕೂತಿರುತ್ತೇನೆ, ನೀವು ಎರಡು ತಾಸು ಮಲಗಿ’ ಅಂದರೆ ಅದು ದೊಡ್ಡ ಸೇವೆ.

ಸಾವಿಗೆ ಮಾತ್ರ ಮೊದಲೇ ತಯಾರಿ ಬೇಕು, ಆಮೇಲೆ ಯೋಚಿಸಲು ಸಮಯ ಇರುವುದಿಲ್ಲ. ಅಯ್ಯನವರಿಗೆ ಹೇಳುವವರು ಯಾರು, ಗಂಟೆ ಬಾರಿಸುವವರು ಯಾರು, ಪೆಟ್ಟಿಗೆ, ಆಂಬ್ಯುಲೆನ್ಸ್, ಗುಂಡಿ ತೋಡಿಸುವುದು, ಶಾಮಿಯಾನ, ಕುರ್ಚಿ, ಬಂದವರಿಗೆ ಕಾಫಿ, ಮರಣ ಪ್ರಮಾಣಪತ್ರಕ್ಕೆ ಓಡಾಡುವುದು, ಒಂದೊಂದಕ್ಕೂ ಇಬ್ಬಿಬ್ಬರ ಹೆಸರು, ನಂಬರ್ ಬರೆದು ಇಟ್ಟಿರಿ. ಆ ಮನೆಯಲ್ಲಿ ಒಲೆ ಹಚ್ಚುವ ಹಾಗಾಗಬಾರದು. ಮೊದಲ ವಾರದ ಊಟ ಯಾವ ದಿನ ಯಾವ ಮನೆಯಿಂದ ಅಂತ ಹಂಚಿಕೊಳ್ಳಿ, ಇಲ್ಲದಿದ್ದರೆ ಒಂದೇ ದಿನ ಐದು ಕ್ಯಾರಿಯರ್ ಬಂದು ಮರುದಿನ ಒಂದೂ ಬರುವುದಿಲ್ಲ. ಎಲ್ಲರೂ ಮರೆಯುವುದು ಎರಡನೇ, ಮೂರನೇ ತಿಂಗಳನ್ನು. ಆಗ ಹೋಗಲು ಇಬ್ಬರನ್ನು ಈಗಲೇ ಗೊತ್ತು ಮಾಡಿ. ಕೋವಿಡ್ ಸಮಯದಲ್ಲಿ ಬೆಂಗಳೂರಿನ ಮರ್ಸಿ ಏಂಜಲ್ಸ್ ಸ್ವಯಂಸೇವಕರು ಮನೆಯವರೂ ಹತ್ತಿರ ಬರಲಾಗದ ಹೊತ್ತಿನಲ್ಲಿ ಧರ್ಮ ನೋಡದೆ ಶವಸಂಸ್ಕಾರ ಮಾಡಿದರು. ಸಭೆಯ ಗೋಡೆಯ ಆಚೆಗೂ ಈ ಕೆಲಸ ಇದೆ. ಪಕ್ಕದ ಬೀದಿಯ ಮನೆಯಲ್ಲಿ ಸಾವಾದರೆ ನಮ್ಮ ಕುರ್ಚಿ, ಶಾಮಿಯಾನ ಕೇಳುವ ಮೊದಲೇ ಹೋಗಲಿ.

ಜಗಳ ಬಂದಾಗ

ಬರುತ್ತದೆ. ಜನ ಜೊತೆಯಾಗಿ ಕೆಲಸ ಮಾಡಿದರೆ ಮಾತು ಬರುವುದು ಸಹಜ. ಯೆರೂಸಲೇಮಿನ ಮೊದಲ ಸಭೆಯಲ್ಲೇ ಬಂತು. ದಿನದ ಊಟ ಹಂಚುವಾಗ ನಮ್ಮ ವಿಧವೆಯರನ್ನು ಬಿಟ್ಟುಬಿಡುತ್ತಾರೆ ಅಂತ ಗ್ರೀಕ್ ಮಾತಾಡುವವರು ಗೊಣಗಿದರು. ಅಪೊಸ್ತಲರು ‘ಗೊಣಗಬೇಡಿ’ ಅನ್ನಲಿಲ್ಲ. ಎಲ್ಲರನ್ನೂ ಕರೆದು ಏಳು ಜನರನ್ನು ಆರಿಸಿ ಅಂದರು, ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳು. ಅಂದರೆ ದೂರು ಯಾರ ಕಡೆಯಿಂದ ಬಂತೋ ಹಂಚುವ ಕೆಲಸ ಅವರ ಕೈಗೇ ಹೋಯಿತು ಅಂತ ನಾನು ಓದಿಕೊಳ್ಳುತ್ತೇನೆ. ನಿಮ್ಮ ಸಭೆಯಲ್ಲೂ ‘ಆ ಬೀದಿಯವರನ್ನೇ ಯಾವಾಗಲೂ ಬಿಡುತ್ತಾರೆ’ ಅನ್ನುವ ಮಾತು ಬಂದರೆ ಆ ಬೀದಿಯವರಿಗೇ ಪಟ್ಟಿ ಕೊಟ್ಟು ನೋಡಿ.

ದುಡ್ಡಿನ ವಿಷಯದಲ್ಲಿ ನಂಬಿಕೆಯೊಂದೇ ಸಾಲದು. ಕಾಣಿಕೆಯನ್ನು ಇಬ್ಬರಿಗಿಂತ ಕಡಿಮೆ ಜನ ಎಣಿಸಬಾರದು, ಆ ಇಬ್ಬರು ಒಂದೇ ಮನೆಯವರಾಗಿರಬಾರದು, ಎಣಿಸಿದ ಕೂಡಲೇ ಪುಸ್ತಕದಲ್ಲಿ ಇಬ್ಬರ ಸಹಿ ಬೀಳಬೇಕು. ಇದರಿಂದ ಪ್ರಾಮಾಣಿಕರಿಗೇ ರಕ್ಷಣೆ.

ಒಬ್ಬರು ಮೂರು ಭಾನುವಾರ ಕಾಣಿಸದಿದ್ದರೆ ಅವರ ಜೊತೆ ಪಾಳಿಯಲ್ಲಿದ್ದವರೇ ಮನೆಗೆ ಹೋಗಲಿ, ಸಮಿತಿಯವರು ಬೇಡ. ‘ಯಾಕೆ ಬರಲಿಲ್ಲ’ ಅಂತ ಶುರು ಮಾಡಬೇಡಿ. ಹೇಗಿದ್ದೀರಿ ಅಂತ ಕೇಳಿ, ಅವರು ಹೇಳುವುದನ್ನು ಪೂರ್ತಿ ಕೇಳಿ. ಹೊರಡುವ ಮುಂಚೆ, ಈ ತಿಂಗಳು ನಿಮ್ಮ ಪಾಳಿ ನಾನು ನೋಡಿಕೊಳ್ಳುತ್ತೇನೆ, ಮುಂದಿನ ತಿಂಗಳಿಗೆ ನಿಮ್ಮ ಹೆಸರು ಬರೆಯಲಾ, ಇಲ್ಲ ಇನ್ನೂ ಸ್ವಲ್ಪ ದಿನ ಬೇಕಾ ಅಂತ ಕೇಳಿ. ಎರಡರಲ್ಲಿ ಯಾವುದು ಹೇಳಿದರೂ ಒಪ್ಪಿಕೊಳ್ಳಿ.